ಖಾಲಿ ಕಾಲಂಗೆ ಒಂದನೇ ತಾರೀಕು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನರ್ಸಾಗಿದ್ದೆ. ದೊಡ್ಡಾಸ್ಪತ್ರೆಯಲ್ಲಿ ಬಿಳಿ ಟೋಪಿ ಹಾಕಿಕೊಂಡು ಓಡಾಡುವ ನರ್ಸಲ್ಲ. ಹಳ್ಳಿಹಳ್ಳಿ ಸುತ್ತಿ ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವ, ಮಕ್ಕಳಿಗೆ ಸೂಜಿ ಚುಚ್ಚಿ ಅವುಗಳ ಪಾಲಿಗೆ ಗುಮ್ಮನಾಗುವ ನರ್ಸಮ್ಮ. ರಾಯಲ್ಪಾಡಿನ ಕಡೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ನನಗೆ ಸರ್ಕಾರ ಒಂದು ಕೋಣೆ ಕೊಟ್ಟಿತ್ತು. ಅರ್ಧ ಕೋಣೆಯಲ್ಲಿ ಔಷಧಿ, ಉಳಿದರ್ಧದಲ್ಲಿ ನಾನು. ಸುತ್ತಲಿನ ಏಳು ಹಳ್ಳಿ ನನ್ನ ಪಾಲಿಗೆ ಬಂದಿದ್ದವು. ಹುಟ್ಟಿ ಬೆಳೆದದ್ದು ಮಾಲೂರು ತಾಲ್ಲೂಕಿನ ಟೇಕಲ್ ಕಡೆ. ಮೊದಲ ಮೂರು ವರ್ಷ ಮುಳಬಾಗಿಲಲ್ಲಿ ಕೆಲಸ ಮಾಡಿ, ಅಲ್ಲೇ ತೆಲುಗು ಕಲಿತೆ. ಶ್ರೀನಿವಾಸಪುರಕ್ಕೆ ಬಂದ ಮೇಲೆ ತೆಲುಗಿನಲ್ಲಿ ಜಗಳವಾಡುವುದನ್ನೂ ಕಲಿತೆ. ನನ್ನ ಬಾಯಿ ಜೋರು, ಸುಳ್ಳೇಕೆ ಹೇಳಲಿ. ಬೆನ್ನ ಹಿಂದೆ ನನ್ನನ್ನು ‘ಮೆಣಸಿನಕಾಯಿ ನರ್ಸಮ್ಮ’ ಅನ್ನುತ್ತಿದ್ದರು. ಒಂದೆರಡು ಮನೆಯವರು ಮುಖದ ಮುಂದೆಯೇ ಅನ್ನುತ್ತಿದ್ದರು.

ಸುಖವಾಗಿದ್ದೆ. ಬೆಳಿಗ್ಗೆ ರಾಗಿ ಅಂಬಲಿ ಕುಡಿದು, ಚೀಲ ಹೆಗಲಿಗೇರಿಸಿ ಹೊರಟರೆ ಮಾವಿನ ತೋಪುಗಳ ನಡುವೆ ಎರಡು ಮೂರು ಮೈಲಿ ನಡಿಗೆ. ಯಾವ ಹಳ್ಳಿಗೆ ಹೋದರೂ ಊಟದ ಹೊತ್ತಿಗೆ ಯಾರಾದರೂ ಕೈಹಿಡಿದು ಕೂರಿಸಿ ಮುದ್ದೆ ಹಾಕುತ್ತಿದ್ದರು. ಬೇಡ ಅಂದರೆ, “ನಮ್ಮನೆ ಮುದ್ದೆ ನಿಮ್ಮ ಗಂಟಲಲ್ಲಿ ಇಳಿಯಲ್ವಾ ನರ್ಸಮ್ಮ?” ಅಂತ ಕೋಪ ಮಾಡಿಕೊಳ್ಳುತ್ತಿದ್ದರು. ಆ ಕೆಲಸದಲ್ಲಿ ನನಗೆ ಆಗದಿದ್ದದ್ದು ಒಂದೇ, ರಿಜಿಸ್ಟರು.

ಗರ್ಭಿಣಿಯರ ರಿಜಿಸ್ಟರು ಅಂತ ಒಂದು ದಪ್ಪ ಪುಸ್ತಕ. ಹೆಂಗಸಿನ ಹೆಸರು, ಗಂಡನ ಹೆಸರು, ವಯಸ್ಸು, ಎಷ್ಟನೆಯ ಬಸಿರು, ಹೀಗೆ ಸಾಲಾಗಿ ಕಾಲಂಗಳು. ಅದರ ಮಧ್ಯದಲ್ಲಿ ಒಂದು ಕಾಲಂ, ‘ಕೊನೆಯ ಮುಟ್ಟಿನ ತಾರೀಕು’. ಅದೇ ಮುಖ್ಯವಾದದ್ದು. ಆ ತಾರೀಕಿಗೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದರೆ ಹೆರಿಗೆಯ ದಿನ ಸಿಗುತ್ತದೆ ಎಂದು ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದರು. ಸರಿ, ಸೇರಿಸುವುದು ನನಗೂ ಬರುತ್ತಿತ್ತು. ಆದರೆ ಯಾವುದಕ್ಕೆ ಸೇರಿಸುವುದು? ನಮ್ಮ ಹೆಂಗಸರಿಗೆ ಅಮಾವಾಸ್ಯೆ, ಹುಣ್ಣಿಮೆ, ಸಂತೆ ಗೊತ್ತು, ಕ್ಯಾಲೆಂಡರಿನ ತಾರೀಕು ಗೊತ್ತಿಲ್ಲ. ಗೊತ್ತಿದ್ದವರು ಹೇಳುವುದಿಲ್ಲ. “ಥೂ, ಹೋಗಿ ನರ್ಸಮ್ಮ! ಅದನ್ನೆಲ್ಲಾ ಬಾಯಿಬಿಟ್ಟು ಕೇಳ್ತಾರಾ?” ಅಂತ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡುತ್ತಿದ್ದರು. ಹಾಗಾಗಿ ನನ್ನ ಪುಸ್ತಕದಲ್ಲಿ ಆ ಕಾಲಂ ಮುಕ್ಕಾಲು ಪಾಲು ಖಾಲಿಯಾಗಿರುತ್ತಿತ್ತು.

ನಮ್ಮ ಮೇಲೆ ಒಬ್ಬ ಹೆಲ್ತ್ ವಿಸಿಟರ್ ಅಮ್ಮ ಇದ್ದರು. ಎರಡು ಮೂರು ತಿಂಗಳಿಗೊಮ್ಮೆ ಬಂದು ಪುಸ್ತಕ ನೋಡುವುದು ಅವರ ಕೆಲಸ. ಕೆಟ್ಟವರಲ್ಲ, ನನಗೆ ಜ್ವರ ಬಂದಾಗ ಶ್ರೀನಿವಾಸಪುರದಿಂದ ಬ್ರೆಡ್ಡು ಹಿಡಿದುಕೊಂಡು ಬಂದವರು. ಆದರೆ ಖಾಲಿ ಕಾಲಂ ಕಂಡರೆ ಅವರಿಗೆ ಮೈಮೇಲೆ ಬರುತ್ತಿತ್ತು. ಕೆಂಪು ಶಾಯಿಯ ಪೆನ್ನು ತೆಗೆದು ಒಂದೊಂದು ಖಾಲಿ ಜಾಗಕ್ಕೂ ಸುತ್ತು ಹಾಕುತ್ತಿದ್ದರು. ಮೊದಲ ಸಲ ನನ್ನ ಪುಸ್ತಕ ಮುಚ್ಚುವ ಹೊತ್ತಿಗೆ ಆ ಪುಟಕ್ಕೆ ಸಿಡುಬು ಎದ್ದ ಹಾಗಾಗಿತ್ತು.

“ಖಾಲಿ ಬಿಟ್ರೆ ನೀನು ಆ ಮನೆಗೆ ಹೋಗೇ ಇಲ್ಲ ಅಂತಾರೆ ಕಣೇ ಮೇಲಿನವರು,” ಅಂದರು.

“ಹೋಗಿದ್ದೆ ಅಮ್ಮಾವ್ರೇ. ಕೇಳಿದೆ. ಅವಳು ಹೇಳ್ಲಿಲ್ಲ. ನಾನೇನು ಅವಳ ಹೊಟ್ಟೆ ಒಳಗೆ ಹೋಗಿ ನೋಡ್ಲಾ?”

“ಬಾಯಿ ಕಡಿಮೆ ಮಾಡು. ಕಾಲಂ ತುಂಬು.”

ಅದನ್ನು ತುಂಬುವ ಉಪಾಯ ಹೇಳಿಕೊಟ್ಟವಳು ಪಕ್ಕದ ಸರಹದ್ದಿನ ನರ್ಸು. “ಅಯ್ಯೋ, ಅದಕ್ಯಾಕೆ ತಲೆ ಕೆಡಿಸ್ಕೊಳ್ತೀಯಾ? ಯಾವ ತಿಂಗಳು ಇರಬಹುದು ಅಂತ ಅಂದಾಜು ಮಾಡು, ಒಂದನೇ ತಾರೀಕು ಅಂತ ಬರೆ. ನಾವೆಲ್ಲಾ ಅದೇ ಮಾಡೋದು.” ನೋಡಿದರೆ ನಿಜವೇ. ಅವಳ ಪುಸ್ತಕದಲ್ಲೂ ಒಂದು, ಅದರಾಚೆಯವಳ ಪುಸ್ತಕದಲ್ಲೂ ಒಂದು. ನಮ್ಮ ಪುಸ್ತಕಗಳನ್ನು ನಂಬಿದರೆ ಅರ್ಧ ತಾಲ್ಲೂಕಿನ ಹೆಂಗಸರು, ಸರ್ಕಾರಿ ನೌಕರರ ಸಂಬಳದ ಹಾಗೆ, ಸರಿಯಾಗಿ ಒಂದನೇ ತಾರೀಕಿಗೇ ಹೊರಗಾಗುತ್ತಿದ್ದರು! ಆ ವರ್ಷದಿಂದ ನಾನೂ ಒಂದನೇ ತಾರೀಕು ಬರೆಯಲು ಶುರು ಮಾಡಿದೆ. ಕೆಂಪು ಸುತ್ತುಗಳು ನಿಂತವು. ವಿಸಿಟರ್ ಅಮ್ಮ ನನ್ನ ಬೆನ್ನು ತಟ್ಟಿದರು.

ಇದರಿಂದ ಯಾರಿಗೂ ನಷ್ಟವಿರಲಿಲ್ಲ ಎಂದೇ ನಾನು ತಿಳಿದಿದ್ದೆ. ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದವು. ನೋವು ಬಂದಾಗ ಯಾರಾದರೂ ಓಡಿ ಬಂದು ಕರೆಯುತ್ತಿದ್ದರು, ನಾನು ಚೀಲ ಎತ್ತಿಕೊಂಡು ಓಡುತ್ತಿದ್ದೆ. ಮಗುವೇನು ಪುಸ್ತಕ ನೋಡಿಕೊಂಡು ಬರುತ್ತದೆಯೇ?

ಹೀಗಿರುವಾಗ ತೋಪಿನ ಮನೆಯ ಸೊಸೆ ಮೂರನೆಯ ಸಲ ಬಸುರಿಯಾದಳು.

ಊರಾಚೆ ಮಾವಿನ ತೋಪಿನ ಅಂಚಿಗೇ ಮನೆ ಕಟ್ಟಿಕೊಂಡಿದ್ದರಿಂದ ಅವರಿಗೆ ಆ ಹೆಸರು. ಮನೆಯಲ್ಲಿ ಇದ್ದವರು ಮೂವರೇ, ಅತ್ತೆ, ಮಗ, ಸೊಸೆ. ಸೊಸೆಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ನನ್ನ ಭುಜದವರೆಗೂ ಬರದಷ್ಟು ಕುಳ್ಳಿ, ಆದರೆ ತಲೆಯ ಮೇಲೆ ಟೊಮೇಟೊ ಬುಟ್ಟಿ ಹೊತ್ತು ನಡೆದರೆ ನಾನು ಹಿಂದೆ ಬೀಳಬೇಕು. ಮೊದಲ ಎರಡು ಹೆರಿಗೆಗಳು ನಾನು ಬರುವುದಕ್ಕೆ ಮೊದಲೇ ಆಗಿದ್ದವು. ಎರಡು ಸಲವೂ ಎರಡು ದಿನ ನೋವು ತಿಂದಿದ್ದಳು, ಮಗು ಇಳಿದಿರಲಿಲ್ಲ. ಕೊನೆಗೆ ಗಾಡಿ ಕಟ್ಟಿಕೊಂಡು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮಗು ಹೋಗಿತ್ತು. ಎರಡೂ ಗಂಡು. ಎರಡನೆಯ ಸಲ ಇವಳೇ ಬದುಕಿದ್ದು ಹೆಚ್ಚು ಎಂದು ಊರವರು ಹೇಳುತ್ತಿದ್ದರು.

ಧನುರ್ಮಾಸದಲ್ಲಿ ಒಂದು ದಿನ ಅವಳೇ ಬಾಗಿಲಲ್ಲಿ ನಿಂತು ನನ್ನನ್ನು ಕರೆದಳು. ಮುಖ ನೋಡಿದ ಕೂಡಲೇ ಗೊತ್ತಾಯಿತು. ಒಳಗೆ ಕೂರಿಸಿಕೊಂಡು ಪುಸ್ತಕ ತೆಗೆದೆ. ಎಲ್ಲಕ್ಕೂ ಉತ್ತರ ಹೇಳಿದಳು. ಆ ಕಾಲಂ ಬಂದಾಗ ಸುಮ್ಮನಾದಳು.

“ಯಾವಾಗ ನಿಂತಿದ್ದಮ್ಮಾ?”

ನೆಲ ನೋಡಿದಳು. ಅತ್ತೆಯ ಕಡೆ ತಿರುಗಿದೆ.

“ಗೊತ್ತಿಲ್ಲಮ್ಮ,” ಅಂದಳು ಅತ್ತೆ. “ನಾವು ಲೆಕ್ಕ ಇಟ್ಟಿಲ್ಲ. ಬಸುರಿ ಅಂತ ಬರ್ಕೊಳ್ಳಿ, ಸಾಕು.”

“ಸುಮಾರು ಅಂತಾದ್ರೂ ಹೇಳಿ. ದಸರಾ ಮುಂದೆಯಾ, ಆಮೇಲಾ?”

“ಗೊತ್ತಿಲ್ಲ ಅಂದ್ನಲ್ಲಮ್ಮ.”

ಇಬ್ಬರ ಬಾಯಿಗೂ ಬೀಗ. ನನಗೆ ಸಿಟ್ಟು ಬಂತು. ಅತ್ತೆಯ ಎದುರಿಗೆ ನಾಚಿಕೆಯೋ ಏನೋ ಅಂದುಕೊಂಡು ಕಾಲಂ ಖಾಲಿ ಬಿಟ್ಟು ಎದ್ದೆ. ಮುಂದಿನ ಸಲ ಒಬ್ಬಳೇ ಸಿಕ್ಕಾಗ ಕೇಳಿದರಾಯಿತು ಎಂಬ ಲೆಕ್ಕ ನನ್ನದು. ಆ ಮುಂದಿನ ಸಲ ಬರುವುದಕ್ಕೆ ಮೊದಲೇ ವಿಸಿಟರ್ ಅಮ್ಮ ಬರುತ್ತಾರೆಂದು ಸುದ್ದಿ ಬಂತು. ಹೊಟ್ಟೆ ನೋಡಿದ ಅಂದಾಜಿನ ಮೇಲೆ ಪೆನ್ಸಿಲಿನಲ್ಲಿ ‘ಅಕ್ಟೋಬರ್ ಒಂದು’ ಎಂದು ಬರೆದು ಪಕ್ಕದಲ್ಲಿ ಸಣ್ಣದೊಂದು ಪ್ರಶ್ನೆಯ ಗುರುತು ಹಾಕಿದೆ. ಉಳಿದವರಿಗೆಲ್ಲ ಮಸಿಯಲ್ಲೇ ಬರೆದುಬಿಡುತ್ತಿದ್ದೆ. ಇವಳಿಗೆ ಪೆನ್ಸಿಲು ಹಿಡಿದೆನಲ್ಲ, ಅಷ್ಟರ ಮಟ್ಟಿಗೆ ನನ್ನ ಮನಸ್ಸು ಎಚ್ಚರವಾಗಿತ್ತು ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

ಏಪ್ರಿಲ್ ಬಂದರೆ ಹೊಸ ರಿಜಿಸ್ಟರು. ಇನ್ನೂ ಹೆರಿಗೆಯಾಗದವರ ಹೆಸರುಗಳನ್ನೆಲ್ಲ ಹಳೆಯದರಿಂದ ಹೊಸದಕ್ಕೆ ಇಳಿಸಬೇಕು. ಬಿಸಿಲಿನ ಮಧ್ಯಾಹ್ನ, ಬೆವರು ಪುಟದ ಮೇಲೆ ತೊಟ್ಟಿಕ್ಕುತ್ತಿತ್ತು. ಮಧ್ಯೆ ಒಬ್ಬಳು ಮಗುವಿನ ಕಜ್ಜಿ ತೋರಿಸಲು ಬಂದಳು, ಅವಳ ಹತ್ತಿರ ಮಾತಾಡುತ್ತಲೇ ಬರೆದೆ. ತೋಪಿನ ಮನೆಯ ಸೊಸೆಯ ಸಾಲಿನಲ್ಲಿ ಮಸಿಯಲ್ಲಿ ದುಂಡಗೆ ‘ಅಕ್ಟೋಬರ್ ಒಂದು’ ಎಂದು ಬರೆದೆ. ಒಂಬತ್ತು ತಿಂಗಳು ಏಳು ದಿನ ಸೇರಿಸಿ ಪಕ್ಕದ ಕಾಲಂನಲ್ಲಿ ‘ಜುಲೈ ಎಂಟು’ ಎಂದೂ ಬರೆದೆ. ಪೆನ್ಸಿಲಿನ ಆ ಪ್ರಶ್ನೆಯ ಗುರುತು ಹಳೆಯ ಪುಸ್ತಕದಲ್ಲೇ ಉಳಿಯಿತು. ಹಳೆಯ ಪುಸ್ತಕ ಪೆಟ್ಟಿಗೆಯ ತಳಕ್ಕೆ ಹೋಯಿತು.

ಆಮೇಲೆ ನಡೆದದ್ದೇ ನಗೆಪಾಟಲು. ನಾನೇ ಬರೆದ ಸುಳ್ಳನ್ನು ನಾನೇ ನಂಬಿದೆ! ಮೇ ತಿಂಗಳಲ್ಲಿ ಅವಳನ್ನು ಕೋಲಾರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರಮ್ಮ ಚೆನ್ನಾಗಿ ಪರೀಕ್ಷೆ ಮಾಡಿ ನನ್ನನ್ನು ಪಕ್ಕಕ್ಕೆ ಕರೆದರು.

“ದಾರಿ ತುಂಬಾ ಸಣ್ಣ ಕಣಮ್ಮ. ಇವಳಿಗೆ ಆಪರೇಷನ್ನೇ ಆಗ್ಬೇಕು. ನೋವು ಶುರುವಾದ್ಮೇಲೆ ಆ ಮೂಲೆಯಿಂದ ಕರ್ಕೊಂಡು ಬರ್ತೀನಿ ಅಂದ್ರೆ ಹಿಂದಿನ ಎರಡು ಸಲದ ಕಥೇನೇ ಆಗುತ್ತೆ. ದಿನಕ್ಕೆ ಎರಡು ವಾರ ಮುಂಚೆ ತಂದು ಇಲ್ಲಿ ಸೇರಿಸು. ಯಾವಾಗ ದಿನ?”

ಪುಸ್ತಕ ನೋಡಿ, “ಜುಲೈ ಎಂಟು, ಡಾಕ್ಟರಮ್ಮ,” ಅಂದೆ. ಗಂಟೆ ಹೊಡೆದ ಹಾಗೆ ಹೇಳಿದೆ.

“ಹೊಟ್ಟೆ ಸ್ವಲ್ಪ ಮುಂದಿದೆಯಲ್ಲ?”

“ಮಗು ದೊಡ್ಡದಿರಬೇಕು, ಡಾಕ್ಟರಮ್ಮ.”

ಹಳ್ಳಿಯಲ್ಲಿ ಪ್ರತಿ ವಾರ ನಾನು ಅದೇ ಹೊಟ್ಟೆಯನ್ನು ಮುಟ್ಟಿ ನೋಡುತ್ತಿದ್ದೆ. ಪುಸ್ತಕದ ಲೆಕ್ಕಕ್ಕಿಂತ ಎತ್ತರವಾಗಿಯೇ ಸಿಗುತ್ತಿತ್ತು. ಆಗಲೂ ತಾರೀಕು ತಪ್ಪಿರಬಹುದೆಂದು ಹೊಳೆಯಲಿಲ್ಲ. ಹೊಟ್ಟೆಯ ಮೇಲೇ ಅನುಮಾನ ಪಟ್ಟೆ. ಜೂನ್ ಕೊನೆಯ ವಾರ ಕರೆದುಕೊಂಡು ಹೋಗುತ್ತೇನೆ ಎಂದು ಅತ್ತೆಗೂ ಗಂಡನಿಗೂ ಹೇಳಿ, ಬಟ್ಟೆ ಬರೆ ಸಿದ್ಧ ಮಾಡಿಕೊಳ್ಳಿ ಅಂದೆ. ಅವರು ತಲೆಯಾಡಿಸಿದರು.

ಜೂನ್ ಅರ್ಧ ಕಳೆದಿತ್ತು. ಎಲ್ಲಿ ನೋಡಿದರೂ ಮಾವಿನ ಸುಗ್ಗಿ. ಬೆಳಿಗ್ಗೆ ಕೆರೆಯ ಏರಿಯ ಮೇಲೆ ಹೋಗುತ್ತಿದ್ದೆ. ಕೆಳಗೆ ಮಡಿವಾಳರ ಅವ್ವ ಉಬ್ಬೆಯ ಹಂಡೆಯಲ್ಲಿ ಬೇಯಿಸಿ ತೆಗೆದ ಬಟ್ಟೆಗಳನ್ನು ಕಲ್ಲಿಗೆ ಬಡಿಯುತ್ತಿದ್ದಳು. ಊರಿನ ಎಲ್ಲ ಮನೆಗಳ ಬಟ್ಟೆ ಒಗೆಯುವ ಮುದುಕಿ, ಅರವತ್ತು ದಾಟಿದ್ದರೂ ತೋಳು ಕಬ್ಬಿಣ. ನಾವಿಬ್ಬರೂ ಗೆಳತಿಯರೇ. ಇಬ್ಬರೂ ಮನೆಮನೆಗೆ ಹೋಗುವವರು, ಇಬ್ಬರಿಗೂ ಬಾಯಿ ಜೋರು.

“ಏಮ್ಮಾ ನರ್ಸಮ್ಮ, ತೋಪಿನ ಮನೆ ಹುಡ್ಗೀನ ಯಾವಾಗ ಕೋಲಾರಕ್ಕೆ ಎತ್ಕೊಂಡು ಹೋಗೋದು?”

“ಬರೋ ವಾರ ಕಣವ್ವಾ. ಇನ್ನೂ ಮೂರು ವಾರ ಇದೆ ಅವಳಿಗೆ.”

ಅವಳು ಬಟ್ಟೆ ಬಡಿಯುವುದನ್ನು ನಿಲ್ಲಿಸಿದಳು. “ಮೂರು ವಾರಾನಾ? ಅಯ್ಯೋ ದೇವುಡಾ! ಯಾರು ಹೇಳಿದ್ದು?”

“ನನ್ನ ಪುಸ್ತಕ.”

“ನಿಮ್ಮ ಪುಸ್ತಕಕ್ಕೆ ಬೆಂಕಿ ಹಾಕ! ಆ ಹುಡ್ಗಿ ಮುಟ್ಟಿನ ಬಟ್ಟೆ ಕಡೇ ಸಲ ನನ್ ಕೈಗೆ ಬಂದಿದ್ದು ಗೌರಿ ಹಬ್ಬಕ್ಕೆ. ಹಬ್ಬದ ಹಿಂದಿನ ದಿನ ಹೊರಗಾಗಿದ್ಲು. ಬಾಗಿನ ಕೊಡೋಕಾಗ್ಲಿಲ್ಲ ಅಂತ ಹಿತ್ತಿಲಲ್ಲಿ ಕೂತ್ಕೊಂಡು ಅಳ್ತಿದ್ಲು, ನಾನೇ ಸಮಾಧಾನ ಮಾಡಿ ಬಟ್ಟೆ ತಂದೆ. ಆಮೇಲಿನ ತಿಂಗಳು ಬರಲಿಲ್ಲ. ಅದರಾಚೆ ತಿಂಗಳೂ ಬರಲಿಲ್ಲ. ಆಗಲೇ ನಂಗೆ ಗೊತ್ತಾಯ್ತು. ಬಾಯಿ ಬಿಡ್ಲಿಲ್ಲ ಅಷ್ಟೇ.”

ನಾನು ಅಲ್ಲೇ ಏರಿಯ ಮೇಲೆ ಕೂತೆ. ಮೈಲಿಗೆ ಬಟ್ಟೆಯನ್ನು ನಮ್ಮ ಕಡೆ ಮನೆಯವರು ಒಗೆಯುತ್ತಿರಲಿಲ್ಲ, ಮಡಿವಾಳರ ಮನೆಗೇ ಹೋಗುತ್ತಿತ್ತು. ಹಾಗಾದರೆ ಊರಿನ ಒಬ್ಬೊಬ್ಬ ಹೆಂಗಸಿನ ತಾರೀಕೂ ಈ ಮುದುಕಿಯ ತಲೆಯಲ್ಲಿತ್ತು! ನಾನು ಏಳು ಹಳ್ಳಿಯ ಬಾಗಿಲು ಬಡಿದು, ಬೈದು, ಗೋಗರೆದು, ಕೊನೆಗೆ ಒಂದನೇ ತಾರೀಕು ಬರೆಯುತ್ತಿದ್ದೆ. ದಿನಾ ಇವಳ ಪಕ್ಕದಲ್ಲೇ ಹಾದುಹೋಗುತ್ತಿದ್ದೆ.

ಕೋಣೆಗೆ ಓಡಿದೆ. ಓಡಿದೆ ಅಂದರೆ ನಿಜಕ್ಕೂ ಓಡಿದೆ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಹೊಸ ಪುಸ್ತಕದಲ್ಲಿ ‘ಅಕ್ಟೋಬರ್ ಒಂದು’ ನನ್ನ ಮುದ್ದಾದ ಅಕ್ಷರದಲ್ಲಿ ನಿಂತಿತ್ತು. ಪೆಟ್ಟಿಗೆಯ ತಳದಿಂದ ಹಳೆಯ ಪುಸ್ತಕ ತೆಗೆದೆ. ಪೆನ್ಸಿಲು. ಪ್ರಶ್ನೆಯ ಗುರುತು. ಹಿಂದಿನ ವರ್ಷದ ಕ್ಯಾಲೆಂಡರನ್ನು ಔಷಧಿ ಬೀರುವಿಗೆ ಹಾಸಿದ್ದೆ. ಸೀಸೆಗಳನ್ನು ಎತ್ತಿಟ್ಟು ಸೆಪ್ಟೆಂಬರ್ ಪುಟ ಹುಡುಕಿದೆ. ಗೌರಿ ಹಬ್ಬ ತಿಂಗಳ ಮಧ್ಯಕ್ಕೆ ಬಂದಿತ್ತು. ಬೆರಳಲ್ಲಿ ಎಣಿಸಿದೆ, ಮತ್ತೆ ಎಣಿಸಿದೆ. ಜೂನ್ ಇಪ್ಪತ್ತರ ಆಸುಪಾಸು. ಎರಡು ವಾರ ಮುಂಚೆ ಆಸ್ಪತ್ರೆಗೆ ಸೇರಬೇಕಾಗಿದ್ದವಳಿಗೆ ಉಳಿದಿದ್ದದ್ದು ನಾಲ್ಕೈದು ದಿನ.

ತೋಪಿನ ಮನೆಗೆ ಹೋದಾಗ ಅವಳು ಅಂಗಳದಲ್ಲಿ ಕೂತು ಮಾವಿನಕಾಯಿ ಬುಟ್ಟಿಗಳಿಗೆ ಹುಲ್ಲು ಹಾಸುತ್ತಿದ್ದಳು. ಒಂದು ಕೈ ಸೊಂಟದ ಮೇಲಿತ್ತು.

“ಏಳೇ, ಏಳು! ಈಗಲೇ ಕೋಲಾರಕ್ಕೆ ಹೋಗ್ಬೇಕು.”

“ಬರೋ ವಾರ ಅಂದಿದ್ರಲ್ಲ ನರ್ಸಮ್ಮ?”

“ಅಂದಿದ್ದೆ, ತಪ್ಪಾಯ್ತು. ಸೊಂಟ ನೋಯ್ತಿದೆಯಾ?”

“ಬೆಳಿಗ್ಗೆಯಿಂದ ಒಂಚೂರು.”

ನನಗೆ ಕೂಗಾಡಬೇಕೆನಿಸಿತು. ಯಾರ ಮೇಲೆ ಕೂಗಾಡುವುದು? ಆದರೂ ಅತ್ತೆಯ ಮೇಲೆ ಹರಿಹಾಯ್ದೆ. “ದಿನ ತುಂಬ್ತಾ ಇದೆ ಅಂತ ನಿಮಗೆ ಗೊತ್ತಿರಲಿಲ್ವಾ? ಗೌರಿ ಹಬ್ಬಕ್ಕೆ ಹೊರಗಾದೋಳು!”

ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. “ಗೊತ್ತಿತ್ತಮ್ಮ. ನೀವು ಹೊಟ್ಟೆ ಮುಟ್ಟಿ ನೋಡಿ ಬರೋ ವಾರ ಅಂದ್ರಿ. ಓದಿದೋರು, ನಮಗಿಂತ ನಿಮಗೆ ಚೆನ್ನಾಗಿ ಗೊತ್ತಿರುತ್ತೆ ಅಂದ್ಕೊಂಡ್ವಿ.”

ನಾನೇ ಒಳಗೆ ಹೋಗಿ ಅವಳ ಬಟ್ಟೆಯ ಗಂಟು ಎತ್ತಿಕೊಂಡೆ.

ಗಂಡ ತೋಪಿನಿಂದ ಮೈತುಂಬ ಮಾವಿನ ಸೊನೆ ಹತ್ತಿಸಿಕೊಂಡು ಓಡಿ ಬಂದ. ಹತ್ತೂವರೆಯ ಬಸ್ಸು ಹಿಡಿದೆವು. ಮಾವಿನ ಕಾಲದ ಬಸ್ಸು ಹೇಗಿರುತ್ತದೆಂದು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಮೇಲೆ ಬುಟ್ಟಿ, ಒಳಗೆ ಬುಟ್ಟಿ, ಕಾಲಿಡುವಲ್ಲೆಲ್ಲ ಬುಟ್ಟಿ. ಹಿಂದಿನ ಸೀಟಿನಲ್ಲಿದ್ದ ಒಬ್ಬ ದೊಡ್ಡ ಮನುಷ್ಯ ಎದ್ದು ಜಾಗ ಕೊಟ್ಟ, ಅವಳನ್ನು ಒರಗಿಸಿ ಕೂರಿಸಿದೆ. ಅರ್ಧ ದಾರಿಯಲ್ಲಿ ನೋವು ಬಿಟ್ಟು ಬಿಟ್ಟು ಬರತೊಡಗಿತು. ಸೊಂಟದ್ದಲ್ಲ, ಹೆರಿಗೆಯದ್ದೇ. ಅವಳು ಕೂಗಲಿಲ್ಲ. ನನ್ನ ಕೈ ಹಿಡಿದು ಹಿಂಡುತ್ತಿದ್ದಳು, ನಾನು ವಾಚು ನೋಡುತ್ತಿದ್ದೆ. ಆಗ ಬಸ್ಸು ಒಂದು ತೋಪಿನ ಮುಂದೆ ನಿಂತಿತು. ಕಂಡಕ್ಟರು ಇಳಿದು ಬುಟ್ಟಿ ಏರಿಸುವುದನ್ನು ನೋಡುತ್ತ ಬೀಡಿ ಹಚ್ಚಿದ.

ಕಿಟಕಿಯಿಂದ ತಲೆ ಹೊರಗೆ ಹಾಕಿದೆ. “ಏನ್ರೀ ಕಂಡಕ್ಟ್ರೇ! ಮಾವಿನಕಾಯಿ ನಾಳೆ ಹೋದ್ರೂ ಹಣ್ಣಾಗುತ್ತೆ. ಇಲ್ಲಿ ಇವಳು ಬಸ್ಸಲ್ಲೇ ಹೆತ್ರೆ ನೀವು ಬಾಣಂತನ ಮಾಡ್ತೀರಾ?”

ಬಸ್ಸೆಲ್ಲ ಗೊಳ್ಳೆಂದಿತು. ಅವನು ಬೀಡಿ ಎಸೆದು ಸೀಟಿ ಊದಿದ. ಪಾಪ, ಒಳ್ಳೆಯವನೇ. ಶ್ರೀನಿವಾಸಪುರದ ಸ್ಟ್ಯಾಂಡಿನಲ್ಲಿ ಕೋಲಾರದ ಬಸ್ಸು ಹೊರಡುವುದರಲ್ಲಿತ್ತು, ತಾನೇ ಓಡಿ ಹೋಗಿ ಅದನ್ನು ನಿಲ್ಲಿಸಿದ. ಅಲ್ಲಿಂದ ಕೋಲಾರದವರೆಗೆ ಪೆನ್ಸಿಲಿನ ಆ ಗುರುತೇ ಕಣ್ಣ ಮುಂದೆ. ಈ ಮಗುವೂ ಹೋದರೆ ಕೊಂದವಳು ನಾನೇ ಎಂದು ಗೊತ್ತಿತ್ತು. ಬೇರೆ ಯಾರಿಗೂ ಅದು ಎಂದೂ ಗೊತ್ತಾಗುವುದಿಲ್ಲ ಎಂಬುದೂ ಗೊತ್ತಿತ್ತು. ಹೆಚ್ಚು ಹಿಂಸೆಯಾದದ್ದು ಅದೇ.

ಡಾಕ್ಟರಮ್ಮ ಊಟಕ್ಕೆ ಹೊರಟವರು ಬಾಗಿಲಲ್ಲೇ ಸಿಕ್ಕರು. ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ ನನ್ನ ಮುಖ ನೋಡಿದರು. “ಜುಲೈ ಎಂಟು ಅಂದಿದ್ಯಲ್ಲ?” ಅಂದರು. ಅವಳನ್ನು ನೇರ ಆಪರೇಷನ್ನಿಗೆ ಒಳಗೆ ತೆಗೆದುಕೊಂಡು ಹೋದರು. ನಾನೂ ಗಂಡನೂ ಹೊರಗಿನ ಬೆಂಚಿನ ಮೇಲೆ ಕೂತೆವು. ಅವನ ಕೈಯ ಸೊನೆ ಬೆಂಚಿಗೆಲ್ಲ ಅಂಟಿತ್ತು. ಮೂರು ಗಂಟೆಗೆ ಸ್ವಲ್ಪ ಮುಂಚೆ ಒಳಗಿನಿಂದ ಅಳು ಕೇಳಿಸಿತು. ಬೆಕ್ಕಿನ ಮರಿಯಷ್ಟು ಸಣ್ಣದಾಗಿ ಶುರುವಾಗಿ, ಆಮೇಲೆ ಕಿವಿ ಗುಂಯ್ ಅನ್ನುವಷ್ಟು ಜೋರಾಯಿತು. ಗಂಡ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ನಾನು ಅತ್ತುಬಿಟ್ಟೆ. ನೂರಾರು ಹೆರಿಗೆ ಮಾಡಿಸಿದವಳು, ಬೆಂಚಿನ ಮೇಲೆ ಕೂತು ಹೋ ಎಂದು ಅತ್ತೆ. ಹೋಗುವ ಬರುವವರೆಲ್ಲ ಯಾರೋ ಸತ್ತರೆಂದು ತಿಳಿದು ಸಮಾಧಾನ ಹೇಳಿದರು.

ಹೆಣ್ಣುಮಗು. ಆರೂವರೆ ಪೌಂಡು. ತಲೆತುಂಬ ಕೂದಲು.

ನಾಲ್ಕನೆಯ ದಿನ ಮತ್ತೆ ಕೋಲಾರಕ್ಕೆ ಹೋದೆ. ಅವಳು ಮಗುವನ್ನು ಮಗ್ಗುಲಲ್ಲಿ ಹಾಕಿಕೊಂಡು ದಿಂಬಿಗೆ ಒರಗಿದ್ದಳು. ಅತ್ತೆ ಬಿಸಿನೀರಿಗೆ ಹೋಗಿದ್ದಳು. ವಾರ್ಡಿನ ಗದ್ದಲದಲ್ಲಿ ನಮ್ಮ ಮಾತು ಯಾರಿಗೂ ಕೇಳುತ್ತಿರಲಿಲ್ಲ.

“ಒಂದು ಕೇಳ್ತೀನಿ, ನಿಜ ಹೇಳು,” ಅಂದೆ. “ದಿನ ನಿನಗೆ ಗೊತ್ತಿತ್ತು. ಯಾಕೆ ಹೇಳ್ಲಿಲ್ಲ? ನಾಚಿಕೆಯಾ?”

ಅವಳು ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

“ನಾಚಿಕೆ ಅಲ್ಲ ನರ್ಸಮ್ಮ. ಮೊದಲ್ನೇ ಸಲ ಹೇಳಿದ್ದೆ. ನಿಮಗಿಂತ ಮುಂಚೆ ಇದ್ದೋರು ಬರ್ಕೊಂಡು, ಬೆರಳು ಮಡಚಿ ಎಣಿಸಿ, ಇಂಥ ದಿನ ನಿನ್ನ ಮನೇಲಿ ತೊಟ್ಟಿಲು ತೂಗುತ್ತೆ ಅಂದ್ರು. ಆ ದಿನಕ್ಕೇ ಮಗು ಹೋಯ್ತು. ಎರಡನೇದಕ್ಕೂ ಹೇಳಿದೆ, ಅದನ್ನೂ ಬರ್ಕೊಂಡ್ರು. ಅದೂ ಹೋಯ್ತು. ಬರೆಸಿದ ದಿನಾನ ಅದು ಎಲ್ಲಿಂದಲೋ ನೋಡ್ಕೊಂಡುಬಿಡುತ್ತೆ. ಸರಿಯಾಗಿ ಆ ದಿನಕ್ಕೆ ಬಂದು ಬಾಗಿಲಲ್ಲಿ ಕೂರುತ್ತೆ. ಅದಕ್ಕೇ ಈ ಸಲ ಯಾರಿಗೂ ಹೇಳೋದು ಬೇಡ, ಎಲ್ಲೂ ಬರೆಸೋದು ಬೇಡ ಅಂತ ನಾನೂ ಅತ್ತೇನೂ ಆಣೆ ಮಾಡ್ಕೊಂಡಿದ್ವಿ.”

ಅದು ಅಂದರೆ ಯಾವುದು ಎಂದು ನಾನು ಕೇಳಲಿಲ್ಲ. ನನ್ನ ಕಣ್ಣಿಗೆ ಆ ಕಾಲಂ ಇಷ್ಟು ದಿನ ಬರೀ ಖಾಲಿ ಜಾಗವಾಗಿತ್ತು. ಇವರಿಬ್ಬರೂ ಅದನ್ನು ತಿಂಗಳುಗಟ್ಟಲೆ ಕಾವಲು ಕಾದು ಖಾಲಿ ಇಟ್ಟಿದ್ದರು. ಇನ್ನು ಮುಚ್ಚಿಟ್ಟುಕೊಳ್ಳಲು ನನ್ನಿಂದಾಗಲಿಲ್ಲ.

“ನಾನೊಂದು ತಪ್ಪು ಮಾಡಿದೆ ಕಣಮ್ಮ,” ಅಂದೆ. “ನೀನು ಹೇಳದಿದ್ದಕ್ಕೆ ನಾನೇ ಒಂದು ತಾರೀಕು ಬರೆದುಬಿಟ್ಟೆ. ಸುಳ್ಳು ತಾರೀಕು. ಜುಲೈ ಎಂಟಕ್ಕೆ ಹೆರಿಗೆ ಅಂತ ಪುಸ್ತಕದಲ್ಲಿದೆ. ಅದನ್ನೇ ನಂಬ್ಕೊಂಡು ನಿನ್ನ ಮನೇಲಿ ಕೂರಿಸಿದ್ದೆ. ಮಡಿವಾಳರ ಅವ್ವ ಬಾಯಿ ಬಿಡದೇ ಇದ್ದಿದ್ರೆ...”

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಕಣ್ಣರಳಿಸಿ ನನ್ನನ್ನೇ ನೋಡಿದಳು, ಆಮೇಲೆ ನಗಲು ಶುರು ಮಾಡಿದಳು. ಹೊಲಿಗೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡು, ಅಯ್ಯಮ್ಮಾ ಅಯ್ಯಮ್ಮಾ ಅನ್ನುತ್ತಲೇ ನಕ್ಕಳು.

“ಜುಲೈ ಎಂಟು ಅಂತ ಬರೆದಿದ್ರಾ? ಅದಕ್ಕೇ! ಅದಕ್ಕೇ ಈ ಸಲ ಅದು ಬರ್ಲಿಲ್ಲ. ನಿಮ್ಮ ಪುಸ್ತಕ ನೋಡ್ಕೊಂಡು ಇನ್ನೂ ದಿನ ಇದೆ ಅಂತ ಎಲ್ಲೋ ಮಲಗಿರ್ಬೇಕು. ಒಳ್ಳೇ ಕೆಲಸ ಮಾಡಿದ್ರಿ ನರ್ಸಮ್ಮ!”

ಪಕ್ಕದ ಮಂಚದವಳೂ ಏನೂ ತಿಳಿಯದೆ ನಕ್ಕಳು. ನಾನೂ ನಕ್ಕೆ. ಬಸ್ಸು ಹತ್ತಿದ ಮೇಲೆ, ಹಾಗಾದರೆ ಜುಲೈ ಎಂಟಕ್ಕೆ ಅದು ಎದ್ದು ಬರುತ್ತದಲ್ಲ ಎಂದು ಬೆರಳು ಮಡಚಿ ದಿನ ಎಣಿಸಿದೆ.

ತವರಲ್ಲಿ ತಾಯಿಯಿಲ್ಲದ್ದರಿಂದ ಬಾಣಂತನ ಅತ್ತೆಯ ಮನೆಯಲ್ಲೇ ನಡೆಯಿತು. ಆಸ್ಪತ್ರೆಯಿಂದ ಬಂದವರನ್ನು ದಿನ ಬಿಟ್ಟು ದಿನ ನೋಡಿಬರುತ್ತಿದ್ದೆ. ಮಗು ಮೈ ತುಂಬಿಕೊಂಡು, ಹಾಲು ಕುಡಿದು ತೇಗುತ್ತಿತ್ತು. ಪುಸ್ತಕದಲ್ಲಿ ಸುಳ್ಳು ತಾರೀಕುಗಳೆರಡನ್ನೂ ಹೊಡೆದು ಹಾಕಬೇಕೆಂದು ಎರಡು ಸಲ ಪೆನ್ನು ಎತ್ತಿಕೊಂಡೆ, ಎರಡು ಸಲವೂ ಕೆಳಗಿಟ್ಟೆ. ಏನಾದರೂ ಆಗಲಿ, ಜುಲೈ ಎಂಟು ಕಳೆಯಲಿ, ಆಮೇಲೆ ನೋಡೋಣ ಅಂದುಕೊಂಡೆ. ಓದಿದವಳು, ಸರ್ಕಾರದ ನರ್ಸು, ದೆವ್ವ ಪೀಡೆ ಎಂದವರಿಗೆಲ್ಲ ಬೈದು ಬುದ್ಧಿ ಹೇಳುತ್ತಿದ್ದವಳು ನಾನು.

ಜುಲೈ ಎಂಟನೆಯ ತಾರೀಕು ಬೆಳಿಗ್ಗೆ ಬೇರೆ ಹಳ್ಳಿಗೆ ಹೋಗಬೇಕಿತ್ತು, ಹೋಗಲಿಲ್ಲ. ಚೀಲವನ್ನೂ ತೆಗೆದುಕೊಳ್ಳದೆ ತೋಪಿನ ಮನೆಗೆ ಹೋದೆ. ಅತ್ತೆ ಬಾಗಿಲಲ್ಲೇ ಕೂತಿದ್ದಳು. ಯಾಕೆ ಬಂದಿರಿ ಎಂದು ಕೇಳಲಿಲ್ಲ, ಸರಿದು ಜಾಗ ಬಿಟ್ಟಳು. ಬಾಣಂತಿ ಒಳಗಿನಿಂದ ಮಗುವನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ಬೆಳಿಗ್ಗೆಯಿಂದ ಹೊತ್ತು ಮುಳುಗುವವರೆಗೂ ನಾನು ಆ ಮಗುವನ್ನು ಕೆಳಗೆ ಬಿಡಲಿಲ್ಲ. ಹಾಲಿಗೆ ಮಾತ್ರ ಕೊಟ್ಟು ಮತ್ತೆ ಇಸಿದುಕೊಂಡೆ.